ನುಡಿಯಲ್ಲಿ ಟೈಪ್ ಮಾಡಿದ ಅಪ್ಪನ ಮಳೆ ಲೆಕ್ಕ: ಯೂನಿಕೋಡ್‌ಗೆ ತರುವುದು ಹೇಗೆ?

ಹೊಳೆಬದಿ:

ನಮಸ್ಕಾರ. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಅಪ್ಪ 2004ರಿಂದ 2015ರವರೆಗೆ ಮಳೆ ಲೆಕ್ಕ ಬರೆದಿಟ್ಟಿದ್ದಾರೆ. ಆರಿದ್ರಾ ಎಷ್ಟು ಹೊಯ್ಯಿತು, ಪುನರ್ವಸು ಎಷ್ಟು ಅಂತ ಇಂಚು, ಸೆಂಟ್ಸ್ ಲೆಕ್ಕದಲ್ಲಿ. ಕೊಳೆ ರೋಗಕ್ಕೆ ಔಷಧಿ ಹೊಡೆದ ದಿನ, ಗೊನೆ ಕೊಯ್ದ ದಿನ ಎಲ್ಲ ಇದೆ. ಒಟ್ಟು 43 ವರ್ಡ್ ಫೈಲ್, ಎಲ್ಲವೂ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ.

ಈಗ ಅಪ್ಪನಿಗೆ 78. ಕಣ್ಣು ಪೂರ್ತಿ ಮಂಜಾಗಿದೆ. ತಾನು ಬರೆದದ್ದನ್ನು ಫೋನ್ ಗಟ್ಟಿಯಾಗಿ ಓದಿ ಹೇಳಲಿ ಅನ್ನುವುದು ಅವರ ಆಸೆ. ಆದರೆ ಫೈಲನ್ನು ಫೋನಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ‘ಕನ್ನಡ’ ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು, ಹೀಗೆ ಏನೇನೋ. ಪೇಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಕೇಳಿದೆ. ಫೈಲ್ ಕೆಟ್ಟುಹೋಗಿದೆ, ಮೊದಲಿನಿಂದ ಟೈಪ್ ಮಾಡಿಸಬೇಕು ಎಂದರು. ನಿಜವಾ? ನನಗೆ ಪೈಥಾನ್ (ಪ್ರೋಗ್ರಾಮ್ ಬರೆಯುವ ಭಾಷೆ) ಸ್ವಲ್ಪ ಬರುತ್ತದೆ. ದಾರಿ ಇದ್ದರೆ ದಯವಿಟ್ಟು ಹೇಳಿ.

ಅಚ್ಚುಮೊಳೆ:

ಮತ್ತೆ ಟೈಪ್ ಮಾಡಿಸಬೇಡಿ! ಫೈಲ್ ಕೆಟ್ಟಿಲ್ಲ. ಗದಗಿನಲ್ಲಿ 22 ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ, ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಆಗಿನ ಫಾಂಟಿನಲ್ಲಿ ಇದ್ದದ್ದು 256 ಮನೆ ಮಾತ್ರ. ಅದರಲ್ಲೇ ಕನ್ನಡದ ತಲೆಕಟ್ಟು, ಒತ್ತು, ಕೊಂಬು, ದೀರ್ಘ ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಹಾಗಾಗಿ ನಿಮ್ಮ ಫೈಲಿನ ಒಳಗೆ ಇರುವುದು ಇಂಗ್ಲಿಷಿನ ಪಿ ಅಕ್ಷರವೇ. ಅದನ್ನು ‘ಕ’ದ ಹಾಗೆ ತೋರಿಸುವುದು ನುಡಿ ಫಾಂಟು. ಫೋನಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ ‘ಕ’ಕ್ಕೆ ಅದರದ್ದೇ ಸಂಖ್ಯೆ ಇದೆ, 3221. ಫಾಂಟ್ ಯಾವುದಾದರೂ ಅದು ‘ಕ’ವೇ. ಫೋನು ಓದಿ ಹೇಳಬೇಕಾದರೂ, ಫೈಲಿನಲ್ಲಿ ಒಂದು ಪದ ಹುಡುಕಬೇಕಾದರೂ ಇದೇ ಬೇಕು.

ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಕನ್ವರ್ಟರ್‌ಗಳಿವೆ. ಎರಡು ಮೂರನ್ನು ಪರೀಕ್ಷೆ ಮಾಡಿ ಒಂದನ್ನು ಆರಿಸಿಕೊಳ್ಳಿ. ನಾನು ಮೊದಲು ಹಾಕಿ ನೋಡುವ ಪದ ‘ಕರ್ನಾಟಕ’. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ‘ನಾ’ ಆದಮೇಲೆ ಇರುತ್ತದೆ. ಯೂನಿಕೋಡಿನಲ್ಲಿ ‘ರ್’ ಮುಂಚೆ ಬರಬೇಕು. ಕನ್ವರ್ಟರ್ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಕನಾರ್ಟಕ’ ಆಗುತ್ತದೆ. ಇಂಟರ್ನೆಟ್ಟಿನಲ್ಲಿ ಈ ‘ಕನಾರ್ಟಕ’ ನೀವೂ ನೋಡಿರುತ್ತೀರಿ.

ಎರಡನೆಯದು ‘ಜೂನ್‌ನಲ್ಲಿ’ ಥರದ ಪದ. ಯೂನಿಕೋಡಿನಲ್ಲಿ ‘ನ್’ ಪಕ್ಕ ‘ನ’ ಬಂದರೆ ತಾನಾಗಿ ಒತ್ತಾಗಿ ‘ಜೂನ್ನಲ್ಲಿ’ ಆಗುತ್ತದೆ. ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಇರಬೇಕು, ಝಡ್‌ಡಬ್ಲ್ಯುಎನ್‌ಜೆ ಅಂತಾರೆ. ಮಳೆ ಲೆಕ್ಕದಲ್ಲಿ ಜೂನ್ ಜಾಸ್ತಿ ಬರುತ್ತದಲ್ವಾ, ಹುಡುಕಿ ಬದಲಿಸಿ.

43 ಫೈಲ್ ತಾನೇ. ಒಂದೊಂದೇ ತೆರೆದು ಕೈಯಲ್ಲೇ ಮಾಡಿ. ಮೂಲ ಫೈಲುಗಳನ್ನು ಮಾತ್ರ ಮುಟ್ಟಬೇಡಿ, ಬೇರೆ ಫೋಲ್ಡರಿನಲ್ಲಿ ನಕಲು ಮಾಡಿಕೊಳ್ಳಿ.

ದೋಸೆಕಾವಲಿ:

ಅಚ್ಚುಮೊಳೆಯವರು ಹೇಳಿದ್ದು ಸರಿ. ಆದರೆ ಕೈಯಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ಪಠ್ಯವನ್ನು ಕಾಪಿ ಮಾಡಿ ಕನ್ವರ್ಟರಿಗೆ ಹಾಕಿದರೆ ಯಾವ ಪದ ಯಾವ ಫಾಂಟಿನಲ್ಲಿತ್ತು ಅನ್ನುವ ಮಾಹಿತಿ ಹೋಗುತ್ತದೆ. ಅಪ್ಪ ನಡುವೆ ಇಂಗ್ಲಿಷ್ ಪದ ಬರೆದಿದ್ದರೆ ಅದೂ ಕನ್ನಡ ಅಂತ ತಿಳಿದು ಕಲಸುಮೇಲೋಗರ ಮಾಡಿಬಿಡುತ್ತದೆ.

ಪೈಥಾನ್ ಬರುತ್ತದೆ ಅಂದಿರಿ. ಹಳೆಯ ಡಾಕ್ ರೂಪದ ವರ್ಡ್ ಫೈಲುಗಳನ್ನು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಹೊಸ ರೂಪವಾದ ಡಾಕ್ಸ್‌ಗೆ ಬದಲಿಸಿ. ಆಮೇಲೆ ಪೈಥಾನ್-ಡಾಕ್ಸ್ ಲೈಬ್ರರಿ ಬಳಸಿ. ಅದರಲ್ಲಿ ಪ್ಯಾರಾ ಅಂದರೆ ‘ರನ್’ ಅನ್ನುವ ತುಂಡುಗಳು. ಪ್ರತಿ ತುಂಡಿನ ಫಾಂಟ್ ಹೆಸರು ನೋಡಿ, ನುಡಿ ಇದ್ದರೆ ಮಾತ್ರ ಬದಲಿಸಿ. ಹೆಸರು ಖಾಲಿ ಬಂದರೆ ಅದು ಸ್ಟೈಲಿನಿಂದ ಬಂದಿರುತ್ತದೆ, ಅಲ್ಲಿ ನೋಡಿ. ಒಂದೇ ಪದ ಎರಡು ತುಂಡಾಗಿರುವುದೂ ಉಂಟು. ಅಕ್ಷರ ಒಂದರಲ್ಲಿ, ಒತ್ತು ಇನ್ನೊಂದರಲ್ಲಿ. ಅಕ್ಕಪಕ್ಕದ ಒಂದೇ ಫಾಂಟಿನ ತುಂಡುಗಳನ್ನು ಮೊದಲು ಕೂಡಿಸಿಕೊಳ್ಳಿ.

ಇನ್ನೊಂದು, ತುಂಬ ಮುಖ್ಯ. ಡಾಕ್ಯುಮೆಂಟಿನ ಪ್ಯಾರಾಗಳ ಪಟ್ಟಿಯಲ್ಲಿ ಕೋಷ್ಟಕದ ಒಳಗಿನ ಪ್ಯಾರಾ ಬರುವುದಿಲ್ಲ. ಕೋಷ್ಟಕಗಳನ್ನು ಬೇರೆಯಾಗಿ ಸುತ್ತಬೇಕು. ಮಳೆ ಲೆಕ್ಕ ಕೋಷ್ಟಕದಲ್ಲೇ ಇರುತ್ತದೆ ಅಂತ ನನ್ನ ಊಹೆ.

ಹೊಳೆಬದಿ:

ಎರಡು ವಾರ ಆಯಿತು. ಇಬ್ಬರಿಗೂ ತುಂಬ ಥ್ಯಾಂಕ್ಸ್. 41 ಫೈಲ್ ಮುಗಿದಿದೆ.

ಊಹೆ ಸರಿ, ಎಲ್ಲವೂ ಕೋಷ್ಟಕದಲ್ಲೇ ಇತ್ತು. ಫಾಂಟ್ ನೋಡಿ ಬದಲಿಸಿದ್ದು ಒಳ್ಳೆಯದಾಯಿತು. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಟಿಪ್ಪಣಿಯಲ್ಲಿ (ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್) ಅಪ್ಪ ಮೈಲುತುತ್ತದ ರಾಸಾಯನಿಕ ಹೆಸರನ್ನು ಇಂಗ್ಲಿಷಿನಲ್ಲೇ ಬರೆದಿದ್ದರು. ಅದು ಹಾಗೇ ಉಳಿದಿದೆ.

ಅರ್ಕಾವೊತ್ತಿನ ಪರೀಕ್ಷೆ ನಾನು ‘ಕರ್ನಾಟಕ’ ಒಂದರಲ್ಲೇ ಮಾಡಿ ಸುಮ್ಮನಾಗಿದ್ದೆ. ನಿನ್ನೆ ಸಂಜೆ ಜಗಲಿಯಲ್ಲಿ ಕೂತು ಅಪ್ಪನಿಗೆ 2007ರ ಫೈಲ್ ಹಾಕಿ ಕೊಟ್ಟೆ. ಫೋನು ಓದುತ್ತಾ ಹೋಯಿತು. ನಡುವೆ ಅಪ್ಪ ಕೈ ಎತ್ತಿ ‘ಪುನವರ್ಸು ಅಲ್ಲ ಮಾರಾಯ್ತಿ, ಪುನರ್ವಸು’ ಎಂದರು. ನೋಡಿದರೆ ಆ ಪದ ತಪ್ಪಾಗಿಯೇ ಇತ್ತು. ದಪ್ಪಕ್ಷರದ ತಲೆಬರಹದಲ್ಲಿ ಅರ್ಕಾವೊತ್ತು ಬೇರೆ ತುಂಡಿಗೆ ಹೋಗಿ, ‘ವ’ದ ಆಚೆ ಉಳಿದುಬಿಟ್ಟಿತ್ತು. ನಾನು ಆ ಸಾಲನ್ನು ನಾಲ್ಕು ಸಲ ಕಣ್ಣಲ್ಲಿ ಓದಿದ್ದೆ!

ಈಗ ದಿನಾ ಸಂಜೆ ಒಂದು ಫೈಲ್. ಫೋನ್ ಓದುತ್ತದೆ, ಅಪ್ಪ ತಪ್ಪು ಹಿಡಿಯುತ್ತಾರೆ, ನಾನು ತಿದ್ದುತ್ತೇನೆ. ಉಳಿದ ಎರಡು ಫೈಲಿನಲ್ಲಿ ಬೇರೆ ಯಾವುದೋ ಫಾಂಟ್ ಇದೆ, ಹೆಸರಿನಲ್ಲಿ ‘ಶ್ರೀ’ ಅಂತ ಶುರುವಾಗುತ್ತದೆ. ನುಡಿ ಕನ್ವರ್ಟರ್ ಅದಕ್ಕೆ ಆಗುತ್ತಿಲ್ಲ.

ಅಚ್ಚುಮೊಳೆ:

ಅದು ಶ್ರೀ-ಲಿಪಿ ಇರಬೇಕು, ನುಡಿಯ ಹಾಗೇ ಇನ್ನೊಂದು ಟೈಪಿಂಗ್ ತಂತ್ರಾಂಶ. ಅದರ ಮನೆಗಳ ಜೋಡಣೆಯೇ ಬೇರೆ, ನುಡಿ ಪಟ್ಟಿ ಹೊಂದುವುದಿಲ್ಲ. ಎರಡೇ ಫೈಲ್ ಅಲ್ವಾ, ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿಸಿ, ಪುಟಗಳನ್ನು ಚಿತ್ರವಾಗಿ ತೆಗೆದು, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಉಚಿತ ತಂತ್ರಾಂಶ ಟೆಸರಾಕ್ಟ್‌ಗೆ ಕೊಡಿ. ಅದು ಕನ್ನಡ ಓದುತ್ತದೆ. ಅಂಕಿಗಳಲ್ಲಿ ತಪ್ಪು ಬರಬಹುದು. ಅದನ್ನೂ ಅಪ್ಪನ ಮುಂದೆ ಓದಿಸಿ.