2147483647 ಅವಿಭಾಜ್ಯವೆಂದು ಆಯ್ಲರ್ ಕೈಲೆಕ್ಕದಲ್ಲಿ ಸಾಧಿಸಿದ್ದು ಹೇಗೆ?

ಪ್ರಶ್ನೆ (ಸಂಖ್ಯಾಪ್ರಿಯ): ನಮಸ್ಕಾರ. 2³¹ − 1, ಅಂದರೆ 2147483647, ಅವಿಭಾಜ್ಯ ಸಂಖ್ಯೆಯೆಂದು ಲಿಯೊನಾರ್ಡ್ ಆಯ್ಲರ್ 1772ರಲ್ಲಿ ಬರ್ನೌಲಿಯವರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದರು. ಇದರ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು, ಅಷ್ಟರೊಳಗೆ 4792 ಅವಿಭಾಜ್ಯಗಳಿವೆ. ಆ ವೇಳೆಗೆ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಅವರು ಇಷ್ಟೊಂದು ಭಾಗಾಕಾರಗಳನ್ನು ತಪ್ಪಿಸಿಕೊಂಡ ದಾರಿ ಯಾವುದು? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ (ಗಣಿತ ಉಪನ್ಯಾಸಕಿ): ಈ ಸಂಖ್ಯೆಗೆ ‘ಪ’ ಎಂಬ ಅವಿಭಾಜ್ಯ ಭಾಜಕವೊಂದು ಇದೆಯೆಂದುಕೊಳ್ಳಿ. ಆಗ 2³¹ ಅನ್ನು ಪ ಇಂದ ಭಾಗಿಸಿದರೆ ಶೇಷ 1 ಬರುತ್ತದೆ. 31 ಸ್ವತಃ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಯಾವ ಘಾತಕ್ಕೂ ಶೇಷ 1 ಬರಲಾರದು. ಫರ್ಮಾ ಅವರ ಕಿರು ಪ್ರಮೇಯದಂತೆ, ಘಾತವು ಪ − 1 ಆದಾಗಲೂ ಶೇಷ 1 ಬರುತ್ತದೆ. ಆದ್ದರಿಂದ 31 ಎಂಬುದು ಪ − 1 ಅನ್ನು ನಿಶ್ಶೇಷವಾಗಿ ಭಾಗಿಸಲೇಬೇಕು. ಪ − 1 ಸಮಸಂಖ್ಯೆಯೂ ಆಗಿರುವುದರಿಂದ 62 ಕೂಡ ಭಾಗಿಸುತ್ತದೆ. ಇದರ ಮೇಲೆ ಇನ್ನೊಂದು ನಿರ್ಬಂಧವೂ ಇದೆ: ಪ ಅನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಮಾತ್ರ ಬರಬಹುದು. ಇವೆರಡನ್ನೂ ಕೂಡಿಸಿದರೆ ಪ ಎಂಬುದು 248ಕ + 1 ಅಥವಾ 248ಕ + 63 ರೂಪದಲ್ಲಿರಬೇಕು (ಇಲ್ಲಿ ಕ ಒಂದು ಪೂರ್ಣಾಂಕ). ಇಂತಹ ಅವಿಭಾಜ್ಯಗಳಲ್ಲಿ ಮೊದಲನೆಯದು 311, ಅನಂತರ 1303, 1489. ಒಟ್ಟು ಎಂಬತ್ತರ ಆಸುಪಾಸಿನಷ್ಟನ್ನು ಪರೀಕ್ಷಿಸಿದರೆ ಕೆಲಸ ಮುಗಿಯಿತು. 311ರಿಂದ ಭಾಗಿಸಿ ನೋಡಿ: ಭಾಗಲಬ್ಧ 6905092, ಶೇಷ 35.

ಸಂಖ್ಯಾಪ್ರಿಯ: ತುಂಬ ಧನ್ಯವಾದಗಳು, ಮೇಡಂ. 8ರ ನಿರ್ಬಂಧ ಎಲ್ಲಿಂದ ಬಂತು ಎಂಬುದೊಂದು ಇನ್ನೂ ಸ್ಪಷ್ಟವಾಗಲಿಲ್ಲ.

ಗಣಿತ ಉಪನ್ಯಾಸಕಿ: 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಹಾಗಾಗಿ ಪ ಇಂದ ಭಾಗಿಸಿದಾಗ ಶೇಷ 2 ಉಳಿಸುವ ಪೂರ್ಣವರ್ಗವೊಂದು ಇದೆಯೆಂದಾಯಿತು. 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಉಳಿಸುವ ಬೆಸ ಅವಿಭಾಜ್ಯಗಳಿಗೆ ಮಾತ್ರ ಅದು ಸಾಧ್ಯ. ಭಾಗಿಸುವ ಮೊದಲೇ ಭಾಜಕದ ರೂಪವನ್ನು ಹೀಗೆ ಕಟ್ಟಿಹಾಕುವುದೇ ಈ ಸಾಧನೆಯ ನಿಜವಾದ ಸೊಗಸು ಎಂದು ನನ್ನ ಭಾವನೆ.

ಉತ್ತರ (ಶೇಷಚಿಂತಕ): ಇದಕ್ಕೊಂದು ಮಾತು ಸೇರಿಸುತ್ತೇನೆ. ಈ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ ಎಂಟನೆಯ ಪರಿಪೂರ್ಣ ಸಂಖ್ಯೆ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮವಾದ ಸಂಖ್ಯೆ) 2305843008139952128 ದೊರೆಯುತ್ತದೆ. 3, 7, 31, 127 ಇವುಗಳನ್ನು ಘಾತವಾಗಿಟ್ಟು 2ರ ಘಾತದಿಂದ 1 ಕಳೆದರೆ ಪ್ರತಿ ಬಾರಿಯೂ ಅವಿಭಾಜ್ಯವೇ ಸಿಗುವುದರಿಂದ, 2147483647 ಅನ್ನೂ ಘಾತವಾಗಿಟ್ಟರೆ ಹಾಗೆಯೇ ಆಗಬಹುದೆಂಬ ಆಸೆ ಸಹಜ. ಆದರೆ 64 ಕೋಟಿಗೂ ಹೆಚ್ಚು ಅಂಕಿಗಳಿರುವ ಆ ದೈತ್ಯ ಸಂಖ್ಯೆ ಅವಿಭಾಜ್ಯವಲ್ಲ. 295257526626031 ಅದನ್ನು ಭಾಗಿಸುತ್ತದೆ. ಮೇಡಂ ಹೇಳಿದ ನಿಯಮ ಇಲ್ಲಿಯೂ ಪಾಲನೆಯಾಗಿದೆ: ಈ ಭಾಜಕದಿಂದ 1 ಕಳೆದರೆ ಉಳಿಯುವುದು 2147483647ರ ಎರಡರಷ್ಟನ್ನು ಸರಿಯಾಗಿ 68745ರಿಂದ ಗುಣಿಸಿದ ಮೊತ್ತ, ಮತ್ತು 8ರಿಂದ ಭಾಗಿಸಿದರೆ ಭಾಜಕದ ಶೇಷ 7.