ಪದಚರ್ಚೆ: ‘ಬರಲಿಕ್ಕಿಲ್ಲ’ ಅಂದರೆ ನಿಮ್ಮ ಕಿವಿಗೆ ಏನು ಕೇಳುತ್ತದೆ?

ಎಲ್ಲರಿಗೂ ನಮಸ್ಕಾರ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ಕಳೆದ ತಿಂಗಳು ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದೆ. ಅಲ್ಲೇ ಹುಟ್ಟಿ ಬೆಳೆದ ನನ್ನ ಅತ್ತಿಗೆ ಫೋನ್ ಮಾಡಿ, ‘ಭಾನುವಾರ ಊಟಕ್ಕೆ ಬರ್ತೀಯಾ?’ ಎಂದು ಕೇಳಿದರು. ‘ಈ ಭಾನುವಾರ ಬರಲಿಕ್ಕಿಲ್ಲ ಅತ್ತಿಗೆ’ ಎಂದೆ. ಅವರು ನನ್ನ ಪಾಲನ್ನೂ ಸೇರಿಸಿ ಅಡಿಗೆ ಮಾಡಿ, ಎರಡೂವರೆ ತನಕ ಊಟ ಮಾಡದೆ ಕಾದರಂತೆ. ‘ಬರಲ್ಲ ಅಂತ ಹೇಳಿದ್ರೆ ಆಗ್ತಿತ್ತು ಅಲ್ವಾ?’ ಅಂದಾಗ ನನಗೆ ತುಂಬಾ ಬೇಸರವಾಯಿತು. ನಾನು ಹೇಳಿದ್ದು ಅದನ್ನೇ. ಅವರಿಗೆ ಕೇಳಿಸಿದ್ದು ‘ಬರೋದು ಅನುಮಾನ’ ಎಂದು.

ನಮ್ಮ ಕಡೆ ಈ ‘-ಲಿಕ್ಕಿಲ್ಲ’ಕ್ಕೆ ಮೂರು ಅರ್ಥ ಉಂಟು. ‘ಇಷ್ಟು ಹೊತ್ತಾಯ್ತು, ಬಸ್ಸು ಇನ್ನು ಬರಲಿಕ್ಕಿಲ್ಲ’ ಎಂಬುದು ಊಹೆ. ಇದು ಎಲ್ಲ ಕಡೆಯ ಕನ್ನಡದಲ್ಲೂ ಇದೆ. ‘ನನಗೆ ನಾಳೆ ಪೇಟೆಗೆ ಹೋಗಲಿಕ್ಕಿಲ್ಲ’ ಅಂದರೆ ಹೋಗುವ ಕೆಲಸವಿಲ್ಲ, ಅದರಲ್ಲಿ ಅನುಮಾನದ ಮಾತೇ ಇಲ್ಲ. ಇನ್ನು ದೇವಸ್ಥಾನದ ಬಾಗಿಲಲ್ಲಿ ಅಜ್ಜ ಮೊಮ್ಮಗನಿಗೆ ‘ಚಪ್ಪಲಿ ಹಾಕಿಕೊಂಡು ಒಳಗೆ ಬರಲಿಕ್ಕಿಲ್ಲ’ ಅಂದರೆ, ಬರಬಾರದು ಎಂದು.

ಇದನ್ನು ‘ಇಲ್ಲ’ ತೆಗೆದು ನೋಡಿ. ಊಹೆಗೆ ಎದುರು ಮಾತು ‘ಬಸ್ಸು ಬರಬಹುದು’. ಅಜ್ಜನ ಮಾತಿಗೆ ಎದುರು ‘ಒಳಗೆ ಬರಬಹುದು’, ಅಂದರೆ ಅಡ್ಡಿಯಿಲ್ಲ. ಪೇಟೆಯ ಮಾತಿಗೆ ಮಾತ್ರ ‘ಹೋಗಲಿಕ್ಕುಂಟು’. ನಾವು ‘ಬಸ್ಸು ಬರಲಿಕ್ಕುಂಟು’ ಎಂದೂ ಹೇಳುತ್ತೇವೆ, ಆದರೆ ಅದು ಊಹೆಯಲ್ಲ. ಬರಬೇಕಾದ ಬಸ್ಸು ಇನ್ನೂ ಬಾಕಿ ಇದೆ ಎಂದರ್ಥ. ‘ಉಂಟು’ ಇದ್ದಾಗ ಒಂದೇ ದಾರಿ ಹಿಡಿಯುವ ಮಾತು ‘ಇಲ್ಲ’ ಸೇರಿದ ಕೂಡಲೇ ಮೂರು ದಾರಿ ಹಿಡಿಯುತ್ತದೆ.

ಇದು ಮಲಯಾಳದ ಗಾಳಿ ಎಂದು ಕೆಲವರು ಹೇಳುತ್ತಾರೆ. ಮಲಯಾಳದಲ್ಲಿ ‘ಪೋಗಾನುಂಡ್’ (ಹೋಗಲಿಕ್ಕುಂಟು), ‘ವರಾನಿಲ್ಲ’ (ಬರಲಿಕ್ಕಿಲ್ಲ) ಇರುವುದು ನಿಜ. ಆದರೆ ತುಳುವಿನಲ್ಲೂ ‘ಪೋವರೆ ಉಂಡು’ ಇದೆ, ಹವ್ಯಕದಲ್ಲಿ ‘ಹೋಪಲೆ ಇದ್ದು’ ಇದೆ. ಮಂಗಳೂರು, ಪುತ್ತೂರಿನವರೂ ‘ಹೋಗ್ಲಿಕ್ಕುಂಟು’ ಎಂದೇ ಹೇಳುತ್ತಾರೆ. ಸುಮ್ನೆ ಗಡಿಯ ಕನ್ನಡ ಕೆಟ್ಟಿದೆ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಒಂದೇ ಮಾತು ಊಹೆಗೂ ಅಪ್ಪಣೆಗೂ ಬರುವುದು ಬೇರೆ ಭಾಷೆಗಳಲ್ಲೂ ಇದೆ. ನಮ್ಮ ಕನ್ನಡದ ‘ಅವನು ಮನೆಯಲ್ಲಿರಬೇಕು’ ಎಂಬುದನ್ನೂ ಎರಡು ರೀತಿ ಓದಬಹುದಲ್ಲ: ಇದ್ದಾನೆಂಬ ಊಹೆ, ಇರಲೇಬೇಕೆಂಬ ಅಪ್ಪಣೆ. ಇಂಥ ಮಾತಿನ ಸ್ವಂತ ಅರ್ಥ ತೆಳುವಾದದ್ದು, ನಮಗೆ ತಿಳಿದ ಸಂಗತಿಯ ಮೇಲೆ ಹೇಳುತ್ತಿದ್ದೇವೋ ನಿಯಮದ ಮೇಲೆ ಹೇಳುತ್ತಿದ್ದೇವೋ ಎಂಬುದನ್ನು ಸಂದರ್ಭ ತುಂಬಿಕೊಡುತ್ತದೆ ಎಂದು ಭಾಷಾವಿಜ್ಞಾನಿ ಆಂಜೆಲಿಕಾ ಕ್ರಾಟ್ಸರ್ 1977ರಲ್ಲಿ ತೋರಿಸಿದರು. ಎಲ್ಲ ಭಾಷೆಗಳೂ ಹಾಗಿಲ್ಲ. ಕೆನಡಾದ ಲಿಲುವೆಟ್ ಭಾಷೆಯಲ್ಲಿ ಊಹೆಗೇ ಬೇರೆ ರೂಪ, ಅಪ್ಪಣೆಗೇ ಬೇರೆ ರೂಪ ಎಂದು ಭಾಷಾವಿಜ್ಞಾನಿಗಳಾದ ರುಲ್‌ಮನ್, ಮ್ಯಾಥ್ಯೂಸನ್, ಡೇವಿಸ್ 2008ರಲ್ಲಿ ಬರೆದಿದ್ದಾರೆ.

ಆದರೆ ನಮ್ಮ ಮಾತಿನಲ್ಲಿ ಎಲ್ಲವನ್ನೂ ಸಂದರ್ಭಕ್ಕೆ ಬಿಡುವ ಹಾಗಿಲ್ಲ. ‘ಅವ ಹೋಗಿರಲಿಕ್ಕಿಲ್ಲ’ ಎಂದು ನೋಡಿ. ಇದು ಬರೀ ಊಹೆ. ಏನು ಮಾಡಿದರೂ ‘ಹೋಗಬಾರದು’ ಎಂಬ ಅರ್ಥ ಬರುವುದಿಲ್ಲ. ‘ನಿನ್ನೆ ನನಗೆ ಹೋಗಲಿಕ್ಕಿರಲಿಲ್ಲ’ ಎಂಬುದರಲ್ಲಿ ಊಹೆ ಪೂರ್ತಿ ಮಾಯ, ಹೋಗುವ ಕೆಲಸ ಇರಲಿಲ್ಲ ಅಷ್ಟೆ. ವ್ಯತ್ಯಾಸ ಎಲ್ಲಿದೆ ಅಂದರೆ, ಮೊದಲನೆಯದರಲ್ಲಿ ಆಗಿಹೋದ ಕಾಲವನ್ನು ತೋರಿಸುವ ‘ಇರು’ ಕೂತಿರುವುದು ‘-ಲಿಕ್ಕೆ’ಯ ಮುಂಚೆ. ಎರಡನೆಯದರಲ್ಲಿ ಅದರ ಆಮೇಲೆ. ಊಹೆಯ ಅರ್ಥ ವಾಕ್ಯದಲ್ಲಿ ಕಾಲಕ್ಕಿಂತ ಮೇಲೆ ಕೂರುತ್ತದೆ, ಅಂದರೆ ಕಾಲವನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಕೆಲಸ-ಕಟ್ಟುಪಾಡಿನ ಅರ್ಥ ಕಾಲಕ್ಕಿಂತ ಕೆಳಗೆ, ಅಂದರೆ ಕಾಲದೊಳಗೆ ಎಂದು ಭಾಷಾವಿಜ್ಞಾನಿ ವಲೆಂಟೀನ್ ಹಕಾರ್ 2006ರ ತಮ್ಮ ಪ್ರಬಂಧದಲ್ಲಿ ಫ್ರೆಂಚ್ ಮುಂತಾದ ಭಾಷೆಗಳನ್ನು ಇಟ್ಟುಕೊಂಡು ವಾದಿಸಿದ್ದಾರೆ. ಫ್ರೆಂಚಿನಲ್ಲಿ ಒಂದೇ ರೂಪದೊಳಗೆ ಅಡಗಿರುವುದು ನಮ್ಮಲ್ಲಿ ಪದ ಬಿಡಿಸಿದರೆ ಕಣ್ಣಿಗೇ ಕಾಣುತ್ತದೆ! ಇದು ಹೊಳೆದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಈಗ ನನ್ನ ಪ್ರಶ್ನೆ. ‘ನನಗೆ ಬರಲಿಕ್ಕಿಲ್ಲ’ ಅಂದರೆ ನಮ್ಮೂರಲ್ಲಿ ಖಂಡಿತ ಬರುವುದಿಲ್ಲ ಎಂದೇ. ‘ನಾನು ಬರಲಿಕ್ಕಿಲ್ಲ’ ಅಂದರೆ ಖಂಡಿತ ಬರುವುದಿಲ್ಲ, ಬರೋದು ಅನುಮಾನ, ಎರಡೂ ಆಗಬಹುದು. ಅವತ್ತು ಫೋನಿನಲ್ಲಿ ನಾನು ‘ನಾನು’ ಎಂದೂ ಹೇಳಲಿಲ್ಲ, ‘ನನಗೆ’ ಎಂದೂ ಹೇಳಲಿಲ್ಲ. ‘ನನಗೆ’ ಎಂದಿದ್ದರೆ ಅತ್ತಿಗೆಗೆ ತಿಳಿಯುತ್ತಿತ್ತೇ? ಅಥವಾ ಮೈಸೂರಿನವರಿಗೆ ‘ನನಗೆ ಬರಲಿಕ್ಕಿಲ್ಲ’ ಎಂಬುದು ಕನ್ನಡವೇ ಅಲ್ಲವೇ? ಶಿರಸಿ, ಧಾರವಾಡ, ಸುಳ್ಯದ ಕಡೆಯವರು ನಿಮ್ಮ ಮನೆಮಾತಿನ ಒಂದೆರಡು ವಾಕ್ಯ ಬರೆದು ತಿಳಿಸಿ. ಹಿರಿಯರು ಹೇಳಿದ್ದಾದರೆ ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.