ಬಿಯರ್ಡೆಡ್ ಡ್ರ್ಯಾಗನ್ ಬೆರಳು ನಡುಗುತ್ತಿದೆ: ಪಶುವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ: ಡಾಕ್ಟರ್, ನಮಸ್ಕಾರ. ನಾವು ಸಾಕಿರುವ ಓತಿಕ್ಯಾತದ ಜಾತಿಯ ಬಿಯರ್ಡೆಡ್ ಡ್ರ್ಯಾಗನ್‌ಗೆ ಎಂಟು ತಿಂಗಳು. ಒಂದು ವಾರದಿಂದ ಅದು ಸುಮ್ನೆ ಕೂತಿದ್ದಾಗಲೂ ಹಿಂಗಾಲಿನ ಬೆರಳುಗಳು ನಡುಗುತ್ತಿವೆ. ಮೊದಲು ಎದೆ ಎತ್ತಿಕೊಂಡು ಓಡುತ್ತಿತ್ತು, ಈಗ ಹೊಟ್ಟೆ ಎಳೆದುಕೊಂಡು ಹೋಗುತ್ತದೆ. ಹುಳ ಹಿಡಿಯುತ್ತದೆ, ಆದರೆ ಅಗಿಯಲು ಒದ್ದಾಡುತ್ತದೆ. ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ದೀಪ ಚೆನ್ನಾಗಿಯೇ ಉರಿಯುತ್ತಿದೆ. ಪೆಟ್ಟಿಗೆ ಕಿಟಕಿ ಪಕ್ಕದಲ್ಲಿದೆ, ಗಾಜಿನಿಂದ ಬಿಸಿಲೂ ಬೀಳುತ್ತದೆ. ಕ್ಯಾಲ್ಸಿಯಂ ಡ್ರಾಪ್ಸ್ ಹಾಕಿದರೆ ಸಾಕಾ?

ಉತ್ತರ: ನಮಸ್ಕಾರ. ಡ್ರಾಪ್ಸ್ ಸಾಲದು. ಇವತ್ತು ಆಗದಿದ್ದರೆ ನಾಳೆಯೇ ಸರೀಸೃಪಗಳನ್ನು ನೋಡುವ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನಡುಕ, ಹೊಟ್ಟೆ ಎಳೆಯುವುದು, ಅಗಿಯಲು ಆಗದಿರುವುದು ಮೂರೂ ಸೇರಿದರೆ ನನಗೆ ಮೊದಲ ಅನುಮಾನ ಮೂಳೆ ಮೆತ್ತಗಾಗುವ ಕಾಯಿಲೆಯ ಮೇಲೆ. ಮೆಟಬಾಲಿಕ್ ಬೋನ್ ಡಿಸೀಸ್ ಅನ್ನುತ್ತೇವೆ. ರಕ್ತದಲ್ಲಿ ಕ್ಯಾಲ್ಸಿಯಂ ಸಾಲದಾದಾಗ ದೇಹ ಅದನ್ನು ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ದವಡೆ ರಬ್ಬರಿನಂತಾಗುತ್ತದೆ, ಬೆನ್ನು ಸೊಟ್ಟಗಾಗುತ್ತದೆ, ಜಾಸ್ತಿಯಾದರೆ ಫಿಟ್ಸ್ ಬರುತ್ತದೆ. ದವಡೆ ಒತ್ತಿ ಪರೀಕ್ಷೆ ಮಾಡಬೇಡಿ, ಮುರಿಯಬಹುದು. ಎತ್ತುವಾಗ ಅಂಗೈ ಪೂರ್ತಿ ಹೊಟ್ಟೆಯ ಕೆಳಗಿರಲಿ. ಬಾಯಿ ಬಿಡಿಸಿ ಔಷಧಿ ಸುರಿಯಬೇಡಿ, ಉಸಿರಿನ ನಾಳಕ್ಕೆ ಹೋದರೆ ಇನ್ನೊಂದು ತೊಂದರೆ.

ದೀಪದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ. ಯುವಿಬಿ ಕಣ್ಣಿಗೆ ಕಾಣುವ ಬೆಳಕಲ್ಲ. ಟ್ಯೂಬ್ ಬೆಳಗುತ್ತಿದ್ದರೂ ಅದರೊಳಗಿನ ಯುವಿಬಿ ಕುಗ್ಗಿರಬಹುದು. ಅದಕ್ಕೇ 6ರಿಂದ 12 ತಿಂಗಳಿಗೆ ಬದಲಾಯಿಸಬೇಕು. ಹಾಕಿದ ತಾರೀಕನ್ನು ಅದರ ಮೇಲೇ ಬರೆದಿಡಿ. ಕಿಟಕಿ ಗಾಜು ಬಿಸಿಲಿನ ಶಾಖವನ್ನು ಒಳಗೆ ಬಿಡುತ್ತದೆ, ಯುವಿಬಿಯನ್ನು ಬಹುಪಾಲು ತಡೆದುಬಿಡುತ್ತದೆ. ಯುವಿಬಿ ಇಲ್ಲದಿದ್ದರೆ ವಿಟಮಿನ್ ಡಿ3 ಇಲ್ಲ, ಅದು ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮೈ ಕಾಯಿಸಿಕೊಳ್ಳುವ ಜಾಗ 38ರಿಂದ 42 ಡಿಗ್ರಿ ಇರಲಿ. ಚಳಿಯಲ್ಲಿ ಕೂತ ಪ್ರಾಣಿಗೆ ತಿಂದದ್ದೂ ಅರಗುವುದಿಲ್ಲ.

ಪ್ರಶ್ನೆ: ಟ್ಯೂಬ್ ಹಾಕಿ ಆರು ತಿಂಗಳಷ್ಟೇ ಆಗಿದೆ, ಡಾಕ್ಟರ್. ಆದರೆ ಧೂಳು ಬೀಳಬಾರದು ಅಂತ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆ.

ಉತ್ತರ: ಆ ಹಾಳೆ ಈಗಲೇ ತೆಗೆದುಬಿಡಿ. ಸಾಮಾನ್ಯ ಪ್ಲಾಸ್ಟಿಕ್ ಕೂಡ ಗಾಜಿನ ಹಾಗೇ ಯುವಿಬಿ ತಡೆಯುತ್ತದೆ. ಒಳ್ಳೆಯದು ಮಾಡಲು ಹೋಗಿಯೇ ಹೀಗಾಯಿತು, ಬೇಸರ ಮಾಡಿಕೊಳ್ಳಬೇಡಿ. ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಸವರುತ್ತಿದ್ದೀರಾ ಎಂಬುದನ್ನೂ ಅಲ್ಲಿನ ವೈದ್ಯರಿಗೆ ತಿಳಿಸಿ. ಪಾಲಕ್ ಸೊಪ್ಪು ದಿನಾ ಬೇಡ, ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮತ್ತೊಬ್ಬರ ಪ್ರಶ್ನೆ: ನನ್ನದಕ್ಕೆ ಎರಡು ವರ್ಷ. ಹತ್ತು ದಿನದಿಂದ ಮೂಲೆಯಲ್ಲಿ ಮಲಗೇ ಇದೆ, ತಿನ್ನುತ್ತಿಲ್ಲ. ಇದು ಚಳಿಗಾಲದ ನಿದ್ದೆಯೋ, ಕಾಯಿಲೆಯೋ?

ಉತ್ತರ: ಬರೀ ನೋಡಿ ಹೇಳುವುದು ನಮಗೂ ಕಷ್ಟ. ಈ ಓತಿಕ್ಯಾತದ ಬಳಗ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಬಲಹೀನ ಎಂದು ತೋರಿಸಿಕೊಂಡ ಪ್ರಾಣಿ ಕಾಡಿನಲ್ಲಿ ಉಳಿಯುವುದಿಲ್ಲ, ಅಲ್ವಾ. ಹಾಗಾಗಿ ಗ್ರಾಂ ತೋರಿಸುವ ತಕ್ಕಡಿ ತಂದು ವಾರಕ್ಕೊಮ್ಮೆ ತೂಕ ಬರೆದಿಡಿ. ನಾನು ಸಾಕುವವರಿಗೆಲ್ಲ ಮೊದಲು ಹೇಳುವುದೇ ಇದು. ನಿದ್ದೆಯಲ್ಲಿರುವ ಆರೋಗ್ಯವಂತ ಡ್ರ್ಯಾಗನ್ ತೂಕ ಹೆಚ್ಚು ಇಳಿಯುವುದಿಲ್ಲ. ಶೇಕಡಾ 10ರಷ್ಟು ಇಳಿದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಭೇದಿ ಇದ್ದರೆ ಕಾಯಬೇಡಿ. ಬರುವಾಗ ಹೊಸ ಮಲದ ಮಾದರಿಯನ್ನೂ ತನ್ನಿ. ಕರುಳಿನ ಪರಾವಲಂಬಿಗಳಾದ ಕಾಕ್ಸಿಡಿಯಾ, ಪಿನ್‌ವರ್ಮ್ ಎಷ್ಟಿವೆ ಎಂದು ಸೂಕ್ಷ್ಮದರ್ಶಕದಲ್ಲಿ ತಿಳಿಯುತ್ತದೆ. ಹೆಣ್ಣಾಗಿದ್ದರೆ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡಿರಬಹುದು. ಗಂಡು ಇಲ್ಲದಿದ್ದರೂ ಇವು ಮೊಟ್ಟೆ ಕಟ್ಟುತ್ತವೆ.

ಮತ್ತೊಬ್ಬರ ಪ್ರಶ್ನೆ: ಬಾಯಿ ತೆರೆದುಕೊಂಡು ಕೂರುತ್ತದೆ. ಭಯಪಡಬೇಕಾ? ಜೊತೆಗೆ ಇನ್ನೊಂದನ್ನು ತರುವ ಆಸೆಯೂ ಇದೆ.

ಉತ್ತರ: ಬಿಸಿ ದೀಪದ ಕೆಳಗೆ ಬಾಯಿ ತೆರೆದರೆ ಮೈ ತಂಪು ಮಾಡಿಕೊಳ್ಳುತ್ತಿದೆ ಅಷ್ಟೇ. ತಂಪು ಮೂಲೆಯಲ್ಲೂ ತೆರೆದಿದ್ದರೆ, ಉಸಿರಲ್ಲಿ ಸದ್ದು ಅಥವಾ ಬಾಯಲ್ಲಿ ಲೋಳೆ ಇದ್ದರೆ ಶ್ವಾಸಕೋಶದ ಸೋಂಕಿರಬಹುದು, ತೋರಿಸಿ. ಇನ್ನೊಂದನ್ನು ತಂದರೂ ಬೇರೆ ಪೆಟ್ಟಿಗೆಯಲ್ಲೇ ಇರಲಿ, ಇವು ಒಂಟಿಯಾಗಿರಲು ಇಷ್ಟಪಡುವ ಪ್ರಾಣಿಗಳು. ಮೊದಲ ಮೂರು ತಿಂಗಳು ಬೇರೆ ಕೋಣೆ, ಬೇರೆ ಬಟ್ಟಲು. ಅಡಿನೋವೈರಸ್ ಹೊರಗೆ ಏನೂ ತೋರದೆ ಹರಡುತ್ತದೆ, ಅದಕ್ಕೆ ಮದ್ದಿಲ್ಲ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಆರೋಗ್ಯವಾಗಿರುವ ಡ್ರ್ಯಾಗನ್ ಮೈಮೇಲೂ ಮನುಷ್ಯರಿಗೆ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದು ತಪ್ಪಬಾರದು.

ಮೊದಲು ಕೇಳಿದವರು: ಡಾಕ್ಟರ್, ತೋರಿಸಿಕೊಂಡು ಬಂದೆವು. ಎಕ್ಸ್‌ರೇಯಲ್ಲಿ ಮೂಳೆ ತೆಳ್ಳಗಾಗಿದೆ. ಕ್ಯಾಲ್ಸಿಯಂ ಶುರು ಮಾಡಿದ್ದಾರೆ. ಮನೆಯಲ್ಲಿ ಏನು ಬದಲಿಸಲಿ?

ಉತ್ತರ: ಬೇಗ ಹೋಗಿದ್ದು ತುಂಬಾ ಒಳ್ಳೆಯದಾಯಿತು. ಎತ್ತರದ ಕೊಂಬೆ, ಕಲ್ಲು ತೆಗೆದುಬಿಡಿ, ಬಿದ್ದರೆ ಮೂಳೆ ಮುರಿಯುತ್ತದೆ. ತಳದಲ್ಲಿ ಮರಳಿದ್ದರೆ ಅದೂ ಬೇಡ, ಕಾಗದ ಹಾಸಿ. ಸದ್ಯಕ್ಕೆ ಮೆತ್ತನೆಯ ಹುಳ, ಸಣ್ಣಗೆ ಹೆಚ್ಚಿದ ಸೊಪ್ಪು ಕೊಡಿ. ಸೊಟ್ಟಗಾದ ಮೂಳೆ ಪೂರ್ತಿ ನೆಟ್ಟಗಾಗದೇ ಇರಬಹುದು, ಆದರೆ ಗಟ್ಟಿಯಾಗುತ್ತದೆ. ಬೆರಳ ನಡುಕ ನಿಂತ ದಿನ ಇಲ್ಲಿ ಬಂದು ತಿಳಿಸಿ, ಕಾಯುತ್ತಿರುತ್ತೇನೆ.